ಕೆಂಪಿಯ ಬಾನೆಟ್ ಮೇಲಿನ ನಾಲ್ಕು ಬೆರಳು

ಹುಬ್ಬಳ್ಳಿ,
ಹದಿಮೂರನೆಯ ತಿಂಗಳ ನಾಲ್ಕನೆಯ ದಿನ, ೨೧೯೦

ಮಿಂಚು ಕಾರ್ ಡಿಟೇಲಿಂಗ್‌ನ ಮಾನ್ಯ ಗೌಸ್ ಕಿತ್ತೂರ ಅವರಿಗೆ, ಇರವಂತಿ ಗುರವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆಂದು ಈ ಕಾಗದವನ್ನು ಕಸದ ಡಬ್ಬಿಗೆ ಹಾಕಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟು ದಿನ. ಕೊನೆಗೆ ಒಂದು ದಿನ ಮಿಗುತ್ತದೆ, ಅಂದು ಯಾರೂ ಕೆಲಸ ಮಾಡುವುದಿಲ್ಲ. ನನ್ನ ಮಾತು ಅಲ್ಲಲ್ಲಿ ತೊಡರಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಮೊದಲು ಕಲಿತದ್ದು ನೀವು ಕಾರಿನ ಜೊತೆ ಕೊಟ್ಟ ಗ್ಯಾರಂಟಿ ಕಾರ್ಡಿನಿಂದ. 'ಏಳು ದಿನ ನೀರು ತಾಗಿಸಬಾರದು, ಮರದ ಕೆಳಗೆ ನಿಲ್ಲಿಸಬಾರದು, ಹಕ್ಕಿಯ ಹಿಕ್ಕೆ ಕಂಡರೆ ಕೂಡಲೇ ಒರೆಸಬೇಕು.' ಹೀಗೆ ಕಲಿತದ್ದರಿಂದ ನನ್ನ ಬರವಣಿಗೆಯಲ್ಲಿ 'ಬಾರದು', 'ಬೇಕು' ಸ್ವಲ್ಪ ಹೆಚ್ಚು.

ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಬಹುತೇಕ ಜನ ಅದನ್ನು ಸತ್ತ ಅಪ್ಪನಿಗೋ ಅಜ್ಜಿಗೋ ಬರೆಯುತ್ತಾರೆ. ನಮ್ಮ ಓಣಿಯ ಒಬ್ಬಾಕೆ ಮುತ್ತಜ್ಜಿಗೆ ಬರೆದು ಉಪ್ಪಿನಕಾಯಿಗೆ ಇಂಗು ಎಷ್ಟು ಎಂದು ಕೇಳಿದಳು. ಉತ್ತರ ಬರುವಂತಿಲ್ಲ ಎಂದು ಅವಳಿಗೆ ಆಮೇಲೆ ಹೊಳೆಯಿತು. ನಾನು ನನ್ನದನ್ನು, ನನಗೆ ಯಾವ ಸಂಬಂಧವೂ ಇಲ್ಲದ, ಕಾರು ಒರೆಸುವ ಒಬ್ಬರಿಗೆ ಬರೆಯುತ್ತಿದ್ದೇನೆ ಎಂದಾಗ ಓಣಿಯವರು ನಕ್ಕರು. ನಗಲಿ.

ನಮ್ಮಲ್ಲಿ ಈಗ ಯಾವುದರ ಮೇಲೂ ಏನೂ ಅಂಟುವುದಿಲ್ಲ. ನೀವು ಕಾರಿಗೆ ಹಚ್ಚುವ ಸೆರಾಮಿಕ್ ಕೋಟಿಂಗಿನ ಮರಿಮಕ್ಕಳು ಈಗ ಗೋಡೆ, ನೆಲ, ಬಾಗಿಲು, ಬಟ್ಟೆ, ತಟ್ಟೆ ಎಲ್ಲವನ್ನೂ ಮುಚ್ಚಿವೆ. ಅದಕ್ಕೆ ನುಣುಪು ಎಂದು ಹೆಸರು. ಎರೆಮಣ್ಣಿನ ಕೆಸರು ಹೊಸ್ತಿಲಲ್ಲೇ ಕಾಲಿನಿಂದ ಜಾರಿ ಬೀಳುತ್ತದೆ. ಮಗು ಗೋಡೆಯ ಮೇಲೆ ಗೀಚಿದರೆ ಗೀಚಿದ್ದೆಲ್ಲ ಪುಡಿಯಾಗಿ ಉದುರುತ್ತದೆ. ಹೊಸ್ತಿಲಿಗೆ ಹಚ್ಚಿದ ಅರಿಸಿನ-ಕುಂಕುಮವೂ ನಿಲ್ಲುವುದಿಲ್ಲ. ಆದ್ದರಿಂದ ಓಣಿಗೊಂದು ಒರಟುಕಲ್ಲು ಇಟ್ಟುಕೊಂಡಿದ್ದೇವೆ. ನುಣುಪು ಹಚ್ಚದ ಚಪ್ಪಡಿ ಅದು. ಯುಗಾದಿಯ ದಿನ ಮನೆಯಿಂದ ಮನೆಗೆ ಹೊತ್ತುಕೊಂಡು ಹೋಗಿ, ಅದರ ಮೇಲೆ ರಂಗೋಲಿ ಹಾಕಿ, ಪೂಜೆ ಮುಗಿಸಿ, ತೊಳೆದು ಮುಂದಿನವರಿಗೆ ಕೊಡುತ್ತೇವೆ. ಪಾಳಿಗಾಗಿ ಹೆಂಗಸರ ಜಗಳ ಇದ್ದದ್ದೇ. ಬದುಕು ಸುಖವಾಗಿದೆ, ಸುಳ್ಳು ಹೇಳುವುದಿಲ್ಲ. ಕಸ ಗುಡಿಸಿ ಸೊಂಟ ಹಿಡಿದುಕೊಂಡವರು ನಮ್ಮಲ್ಲಿ ಯಾರೂ ಇಲ್ಲ.

ಆದರೆ ನಮ್ಮಪ್ಪ ತೀರಿಕೊಂಡ ವಾರ, ಅವರ ಕೈ ತಾಗಿದ ಗುರುತು ಎಲ್ಲಾದರೂ ಇದೆಯೇ ಎಂದು ನಾನು ಇಡೀ ಮನೆ ಹುಡುಕಿದೆ. ಅವರು ಮೂವತ್ತು ವರ್ಷ ಒರಗಿ ಕೂತ ಗೋಡೆಯಲ್ಲಿ ಎಣ್ಣೆಯ ಕಲೆ ಕೂಡ ಇರಲಿಲ್ಲ. ನಿಮ್ಮ ಮನೆಗಳಲ್ಲಿ ಅಂಥ ಕಲೆ ಇರುತ್ತಿತ್ತಂತೆ, ಅದನ್ನು ಕಂಡು ನಿಮ್ಮ ಹೆಂಗಸರು ಬೈಯುತ್ತಿದ್ದರಂತೆ. ನನಗೆ ಅಂದು ಬಹಳ ಅಳು ಬಂತು. ಅವ್ವ ಅಳಲಿಲ್ಲ. ಅಷ್ಟು ಹೊತ್ತಿಗೆ ಅವಳ ಎರಡೂ ಕಣ್ಣು ಹೋಗಿದ್ದವು. ಅವಳು ಕೋಲು ಹಿಡಿದು ಕೆಂಪಿಯ ಹತ್ತಿರ ಹೋಗಿ ಕೂತಳು.

ಕೆಂಪಿ ಎಂದರೆ ನಿಮ್ಮ ಕಾರು. ನೀವು ಕಳೆದ ವಾರ ಲೇಪನ ಮಾಡಿದ, ಬ್ಯಾಡಗಿ ಮೆಣಸಿನಕಾಯಿ ಬಣ್ಣದ, ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹೋಗುವ ಆ ಹೊಸ ಸ್ಪೋರ್ಟ್ಸ್ ಕಾರು. ಅಂದಿನ ಹುಬ್ಬಳ್ಳಿಯ ರಸ್ತೆಗಳ ಚಿತ್ರ ನೋಡಿದ್ದೇನೆ. ಆ ಗುಂಡಿಗಳಲ್ಲಿ ಈ ಕಾರು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಿಮ್ಮವರೇ ಹೇಳುತ್ತಿದ್ದರಲ್ಲ. ಅದು ಈಗ ಹಳೆಯ ಹತ್ತಿ ಗೋದಾಮಿನಲ್ಲಿ ನಿಂತಿದೆ. ಚಕ್ರದ ರಬ್ಬರು ಇಲ್ಲ, ಸೀಟಿನ ಚರ್ಮ ಇಲ್ಲ, ಮೈ ಮಾತ್ರ ಹಾಗೇ ಇದೆ. ಕಾರ್ಡಿನಲ್ಲಿ ಒಂಬತ್ತು ವರ್ಷದ ಗ್ಯಾರಂಟಿ ಎಂದು ಬರೆದಿದ್ದೀರಿ. ಸಂಕೋಚದ ಮನುಷ್ಯರು ನೀವು.

ಅವ್ವ ನಲವತ್ತೊಂದು ವರ್ಷದಿಂದ ಅದರ ಕಾವಲುಗಾರ್ತಿ. ಕಣ್ಣಿದ್ದಾಗ ಅದನ್ನು ದಿನವೂ ನೋಡಿದ್ದಾಳೆ, ಆದ್ದರಿಂದ ಈಗ ಅಂಗೈ ಆಡಿಸಿದರೆ ಸಾಕು, ಇಡೀ ಕಾರು ಅವಳಿಗೆ ಕಾಣುತ್ತದೆ. ಲೋಕದಲ್ಲಿ ಅವಳು ಈಗಲೂ ಕಾಣುವ ವಸ್ತು ಅದೊಂದೇ. ಮನೆಯ ಗೋಡೆಗಳೆಲ್ಲ ಅವಳ ಕೈಗೆ ಒಂದೇ ಥರ.

ಭೂಮಿಯಿಂದ ಲೋಹ ಅಗೆಯುವುದು ನಿಂತು ಎಂಬತ್ತು ವರ್ಷವಾಯಿತು. ಹಳೆಯ ಯಂತ್ರಗಳೆಲ್ಲ ಸರದಿಯಂತೆ ಕರಗುಮನೆಗೆ ಹೋಗಬೇಕು. ಅಲ್ಲಿ ಅವು ಕರಗಿ ಕೊಡ, ಕೊಳವೆ, ಕೀಲು ಆಗುತ್ತವೆ. ಅದು ನ್ಯಾಯವೇ, ನಾನು ತಕರಾರು ಮಾಡುವುದಿಲ್ಲ. ಒಂದೇ ಒಂದು ವಿನಾಯಿತಿ ಉಂಟು. ಯಂತ್ರದ ಮೈಮೇಲೆ ಎರಡು ಕೈಗಳ ಗುರುತು ಸಿಕ್ಕರೆ ಅದನ್ನು ಕರಗಿಸುವಂತಿಲ್ಲ. ಮೊದಲನೆಯದು ಮುಟ್ಟಿದ ಕೈ, ಎರಡನೆಯದು ಉಳಿಸಿದ ಕೈ. ಯಾರೋ ಒಬ್ಬರು ಗುರುತು ಬಿಟ್ಟಿರಬೇಕು, ಇನ್ನೊಬ್ಬರು ಅದನ್ನು ಕಂಡೂ ಅಳಿಸದೆ ಇಟ್ಟಿರಬೇಕು. ಬರೀ ಮುಟ್ಟಿದ ಕೈ ಸಿಕ್ಕರೆ ಅದು ಆಕಸ್ಮಿಕ ಎನ್ನುತ್ತಾರೆ.

ಕೆಂಪಿಯ ಸರದಿ ಕಳೆದ ತಿಂಗಳು ಬಂತು. ಅವ್ವ ಒಂದೇ ಸಲ ಕೇಳಿದಳು: "ಕೆಂಪಿ ಹೋದ್ರ ನಾ ಎಲ್ಲಿ ಹೋಗಿ ಕುಂದರ್ಲೇ ಇರವಂತಿ?" ಆಮೇಲೆ ಕೇಳಲಿಲ್ಲ. ಕಾರು ಹೋದರೆ ಅವಳೂ ಹೆಚ್ಚು ದಿನ ಇರುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು. ಮರುದಿನದಿಂದಲೇ ಭೂತಗನ್ನಡಿ ಹಿಡಿದು ಹುಡುಕಲು ಶುರು ಮಾಡಿದೆ.

ಹುಡುಕಿದಷ್ಟೂ ನಿಮ್ಮ ಮೇಲೆ ಸಿಟ್ಟು ಬಂತು, ಗೌಸ್ ಅವರೇ. ಏನು ಕೆಲಸ ಅದು! ಶೋರೂಮಿನವರು ಕೊಳಕು ಬಟ್ಟೆಯಿಂದ ಒರೆಸಿ ಮಾಡಿದ್ದ ಸುರುಳಿ ಗೀರುಗಳನ್ನು ಪಾಲಿಶ್ ಯಂತ್ರದಿಂದ ತೆಗೆದಿದ್ದೀರಿ, ತೆಗೆದದ್ದು ಕೂದಲೆಳೆಯ ಇಪ್ಪತ್ತರಲ್ಲೊಂದು ಭಾಗದಷ್ಟು ಬಣ್ಣ, ಅದಕ್ಕಿಂತ ಹೆಚ್ಚಿಲ್ಲ. ಅದಕ್ಕೂ ಮೊದಲು ಮೈಗೆಲ್ಲ ಜೇಡಿಯ ಉಂಡೆ ಆಡಿಸಿ, ಕಣ್ಣಿಗೆ ಕಾಣದ ಕಬ್ಬಿಣದ ಕಣಗಳನ್ನೂ ಎತ್ತಿದ್ದೀರಿ. ರಬ್ಬರು ಪಟ್ಟಿಗಳಿಗೆ ಟೇಪು ಅಂಟಿಸಿ ಕಾಪಾಡಿದ್ದೀರಿ. ಕೋಟಿಂಗನ್ನು ಒಂದು ಸಲ ಅಡ್ಡ, ಒಂದು ಸಲ ಉದ್ದ ಎಳೆದು, ಕಾಮನಬಿಲ್ಲಿನ ಬಣ್ಣ ಏಳುವವರೆಗೆ ಕಾದು, ಸರಿಯಾದ ಗಳಿಗೆಗೆ ಒರೆಸಿದ್ದೀರಿ. ಬಾಗಿಲ ಸಂದಿಯಲ್ಲಿ ಕೂಡ ಒಂದು ಬಟ್ಟೆಯ ಎಳೆ ಬಿಟ್ಟಿಲ್ಲ. ಹದಿನೆಂಟು ದಿನ ಹುಡುಕಿದರೂ ಸಿಕ್ಕಿದ್ದು ಗಾಜಿನ ಕೆಳಗಿನ ಜಾಲರಿಯಲ್ಲಿ ಒಂದು ಅಕ್ಷತೆ ಕಾಳು. ಅಕ್ಷತೆ ಕೈ ಅಲ್ಲ ಎಂದರು ಕರಗುಮನೆಯ ಮಂಡಳಿಯವರು. ಕಾರ್ಡಿನಲ್ಲಿ ಹೆಸರಿದೆಯಲ್ಲ ಎಂದರೆ, ಅದು ಕಾಗದದ್ದು, ಕಾರಿನದಲ್ಲ ಎಂದರು.

ಹತ್ತೊಂಬತ್ತನೆಯ ದಿನ ಅವ್ವನೇ ಹುಡುಕಿದಳು. ನಾನು ಬಾಗಿಲ ಹತ್ತಿರ ಬೋರಲು ಬಿದ್ದು ನೋಡುತ್ತಿದ್ದೆ, ಅವಳು ಎಂದಿನಂತೆ ಬಾನೆಟ್ ಸವರುತ್ತಿದ್ದಳು. "ತಡೀ, ಇಲ್ಲೇನೋ ಐತಿ," ಎಂದಳು. ಆಮೇಲೆ ತನ್ನ ನಾಲ್ಕು ಬೆರಳುಗಳನ್ನು ಒಂದೊಂದಾಗಿ ಆ ಜಾಗದಲ್ಲಿ ಇಟ್ಟು ನೋಡಿ ಹೇಳಿದಳು: "ಹೆಣ್ಮಗಳ ಕೈ. ನನ್ನಷ್ಟ ವಯಸ್ಸಾಗೇತಿ ಆಕಿಗೆ." ನಲವತ್ತೊಂದು ವರ್ಷ ಅಲ್ಲೇ ಕೈಯಾಡಿಸಿಯೂ ತಿಳಿಯಲಿಲ್ಲವೇ ಎಂದು ಕೇಳಿದೆ. ಅದು ಕಾರಿನದೇ ಗೆರೆ ಎಂದುಕೊಂಡಿದ್ದಳಂತೆ.

ಭೂತಗನ್ನಡಿ ಇಟ್ಟು ನೋಡಿ, ನಡೆದದ್ದನ್ನು ನಾನು ಹೀಗೆ ಊಹಿಸಿದೆ. ಪೂಜೆಯನ್ನು ಮರುದಿನ ಮಾಡಿಕೊಳ್ಳಿ, ಕೋಟಿಂಗ್ ಇನ್ನೂ ಹಸಿ, ಹನ್ನೆರಡು ತಾಸು ಯಾರೂ ಮುಟ್ಟಬಾರದು ಎಂದು ನೀವು ಮಾಲೀಕರಿಗೆ ಖಂಡಿತ ಹೇಳಿರುತ್ತೀರಿ. ಅವರು ಪಂಚಾಂಗ ನೋಡಿಕೊಂಡು, ಮುಹೂರ್ತ ಮೀರುತ್ತದೆಂದು ಅಂದೇ ಬಂದರು. ನಿಂಬೆಹಣ್ಣು, ತೆಂಗಿನಕಾಯಿ, ಹೂವಿನ ಮಾಲೆ, ಜೊತೆಗೆ ಮನೆಯ ಹಿರಿಯಾಕೆ. ಅವರಿಗೆ ಬೇಡ ಎನ್ನಲು ನಿಮಗೆ ಬಾಯಿ ಬರಲಿಲ್ಲ. ಹಿರಿಯಾಕೆ ಅರಿಸಿನದ ಕೈಯನ್ನು ಬಾನೆಟ್ ಮೇಲೆ ಒತ್ತಿದಳು. ಹಳದಿ ಎಂದೋ ಮಾಸಿದೆ, ಬೆರಳಿನ ಗೆರೆಗಳು ಮಾತ್ರ ಆ ಹಸಿ ಪದರದಲ್ಲಿ ಅಚ್ಚೊತ್ತಿ ಗಟ್ಟಿಯಾಗಿವೆ.

ಎರಡನೆಯ ಕೈ ನಿಮ್ಮದು. ಕಿರುಬೆರಳಿನ ಗುರುತು ಈಗಿಲ್ಲ, ಅಲ್ಲಿ ನಿಮ್ಮ ಪಾಲಿಶ್ ಯಂತ್ರ ಸುತ್ತಿದ ಗೆರೆ ಇದೆ. ಉಂಗುರದ ಬೆರಳಿನ ಗುರುತು ಅರ್ಧ ಅಳಿಸಿದೆ. ಆ ಅರ್ಧಕ್ಕೆ ಯಂತ್ರ ನಿಂತಿದೆ. ಮಿಕ್ಕ ಎರಡೂವರೆ ಬೆರಳು ಹಾಗೇ ಇವೆ. ಅವುಗಳ ಮೇಲೆ, ಅಳಿಸಿದ ಜಾಗವನ್ನೂ ಸೇರಿಸಿ, ಇನ್ನೊಂದು ತೆಳು ಪದರ ಕೋಟಿಂಗ್ ಹಚ್ಚಿದ್ದೀರಿ. ಕಾಪಾಡಲೆಂದೇ ಹಚ್ಚಿದ ಪದರ. ಮಂಡಳಿಯ ಹಿರಿಯರು ಮೂರು ಸಲ ನೋಡಿ, ಮೊದಲನೆಯದು ಮುಟ್ಟಿದ ಕೈ, ಎರಡನೆಯದು ಉಳಿಸಿದ ಕೈ, ಕಾರು ಇರಲಿ ಎಂದು ಬರೆದುಕೊಟ್ಟರು. ನಾನು ಕುಣಿದಾಡಿಬಿಟ್ಟೆ. ಈ ವಯಸ್ಸಿಗೆ ಅದು ಶೋಭೆಯಲ್ಲ, ಆದರೂ ಕುಣಿದೆ.

ಮರುದಿನ ರೊಟ್ಟಿ ತಿನ್ನುತ್ತ ಅವ್ವ ಕೇಳಿದಳು: "ಅಲ್ಲಲೇ, ಅಷ್ಟು ಛಲೋ ಕೆಲಸಗಾರ, ತಪ್ಪು ಕಣ್ಣಿಗಿ ಬಿದ್ದ ಮ್ಯಾಲೆ ನಡುವ ಯಾಕ ಬಿಟ್ಟ?" ಹದಿನೆಂಟು ದಿನ ನಿಮ್ಮ ಕೆಲಸ ಓದಿದವಳು ನಾನು. ಕಲೆ ಕಂಡು ಸುಮ್ಮನೆ ಬಿಡುವ ಕೈ ನಿಮ್ಮದಲ್ಲ. ಆ ಹಿರಿಯಾಕೆಯ ಬೆರಳೆಂದು ನಿಮಗೇ ಮನಸ್ಸಾಗಲಿಲ್ಲವೋ, ಮಾಲೀಕರು ತಡೆದರೋ, ಊಟಕ್ಕೆ ಕರೆದರೋ, ಗೊತ್ತಿಲ್ಲ. ಅವ್ವ ನೀರು ಕುಡಿದು ಹೇಳಿದಳು: "ಯಾರರ ಹೇಳಿರಬೇಕು. ನೀನ ಹೇಳಿದ್ದರ? ನಿನ್ನ ಓಲಿ ಇನ್ನೂ ಹಂಗ ಐತಲ್ಲ." ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ನೀವು ನಿಲ್ಲಿಸಿದ್ದು ನಾನು ಬರೆದದ್ದರಿಂದಲೇ ಆಗಿದ್ದರೆ, ನಾನು ಬರೆಯದಿದ್ದರೆ ಏನಾಗುತ್ತದೆ? ತಿಳಿದವರನ್ನು ಕೇಳಿದೆ, ಅವರೂ ತಲೆ ಕೆರೆದುಕೊಂಡರು. ಅನುಮಾನ ಇಟ್ಟುಕೊಂಡು ಅವ್ವನನ್ನು ಆ ಕಾರಿನ ಹತ್ತಿರ ದಿನವೂ ಕಳಿಸುವುದು ನನ್ನಿಂದಾಗದು. ಆದ್ದರಿಂದ ಈ ಪತ್ರ.

ಇದು ನಿಮ್ಮ ಕೈ ಸೇರುವುದು ಲೇಪನವಾದ ಏಳನೆಯ ದಿನ. ಕಾರ್ಡಿನ ಪ್ರಕಾರ ನಾಳೆ ಕಾರು ಮೊದಲ ವಾಶಿಗೆ ನಿಮ್ಮಲ್ಲಿಗೆ ಬರುತ್ತದೆ. ತೊಳೆದು, ಅರಿಸಿನ ಒರೆಸಿ ದೀಪ ಹಿಡಿದಾಗ ಬಾನೆಟ್ ಮೇಲೆ ನಾಲ್ಕು ಬೆರಳಿನ ಅಚ್ಚು ಕಾಣುತ್ತದೆ. ನಿಮಗೆ ಮೈ ಉರಿಯುತ್ತದೆ. ಎಷ್ಟು ಹೇಳಿದರೂ ಕೇಳಲಿಲ್ಲವಲ್ಲ ಎಂದು ಆ ಮನೆಯವರನ್ನು ಬೈದುಕೊಳ್ಳುತ್ತೀರಿ, ಬೈದುಕೊಳ್ಳಿ. ಈ ಪತ್ರ ಓದಿದ್ದೇನೆಂದು ಮಾತ್ರ ಕೆಲಸ ಬಿಟ್ಟು ಕೈಕಟ್ಟಿ ನಿಲ್ಲಬೇಡಿ. ಏನೂ ಮಾಡದೆ ಬಿಟ್ಟರೂ ಕೆಂಪಿ ಕರಗುಮನೆಗೆ ಹೋಗುತ್ತದೆ, ಪೂರ್ತಿ ಅಳಿಸಿದರೂ ಹೋಗುತ್ತದೆ.

ಯಂತ್ರ ಹಚ್ಚಿ. ಕಿರುಬೆರಳಿನಿಂದ ಶುರು ಮಾಡಿ. ಉಂಗುರದ ಬೆರಳಿನ ಅರ್ಧಕ್ಕೆ ಬಂದಾಗ, ನಿಮ್ಮ ಕೈ ಬೇಡ ಎಂದರೂ, ನಿಲ್ಲಿಸಿ.