ಹೆರಾತಿನ ಬಟ್ಟಲಿನ ಮುಖಗಳು

ಓರೆಬ್ರೂ, ಸ್ವೀಡನ್
ನವೆಂಬರ್ ೯

ಉಮಾಕಾಂತ,

ನಾನು ಕ್ಷೇಮ. ನೀನೂ ಸ್ಯಾಂಡ್‌ವಿಕೆನ್ನಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೆಂದು ನಂಬಿದ್ದೇನೆ. ಯಾವಾಗ ಮನೆಗೆ ವಾಪಸ್ ಬರುತ್ತೀಯೆಂದು ಕೇಳಿದ್ದೀಯಲ್ಲ, ಅದಕ್ಕೇ ಈ ಕಾಗದ.

ಕೆಳಗಿನ ಮನೆಯ ಇರಾನಿ ಅಜ್ಜಿಗೆ, ಅಧ್ಯಯನಕ್ಕೆಂದು ಅವರಿಂದ ತಂದಿದ್ದ ಬಟ್ಟಲನ್ನು ನಿನ್ನೆ ಹಿಂದಿರುಗಿಸಿದೆ. ಎಂಟುನೂರು ವರ್ಷಗಳ ಹಿಂದೆ ಅಫ್ಘಾನಿಸ್ತಾನದ ಹೆರಾತಿನಲ್ಲಿ ಯಾರೋ ಹಿತ್ತಾಳೆಯನ್ನು ಕೊರೆದು, ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಿ, ನಡುವೆ ಕಪ್ಪು ಅರಗು ತುಂಬಿದ್ದ ಬಟ್ಟಲು. ಅಂಚಿನಲ್ಲಿ ಒಡೆಯನಿಗೆ ಸುಖ, ಸಂಪತ್ತು ಹಾರೈಸುವ ಸಾಲು. ಪ್ರತಿ ಅಕ್ಷರದ ತುದಿಗೂ ಒಂದು ಪುಟ್ಟ ಮನುಷ್ಯಮುಖ. ಆ ಮುಖಗಳ ಮೇಲೇ ನನ್ನ ಪಿಎಚ್.ಡಿ. ನಿಂತಿತ್ತು. ಕಣ್ಣು ಮಂಜಾದ ಅಜ್ಜಿ ಅಂಚಿನ ಸುತ್ತ ಬೆರಳಾಡಿಸಿ, "ಇವರೆಲ್ಲ ಎಲ್ಲಿ ಹೋದರು?" ಎಂದು ಸ್ವೀಡಿಷಿನಲ್ಲಿ ಕೇಳಿದರು.

ಜೂನಿನಲ್ಲಿ ನಿನ್ನ ಜೊತೆ ಇಲ್ಲಿಗೆ ಬಂದಿದ್ದ ಅತ್ತೆ ಅದನ್ನು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ ಥಳಥಳ ಮಾಡಿಟ್ಟಿದ್ದರು. ಬೆಳ್ಳಿಯ ಎಳೆಗಳು ಸಿಂಕಿನಲ್ಲಿ ಬಿದ್ದಿದ್ದವು. ಅನ್ನಬಾರದ್ದನ್ನೆಲ್ಲ ಅಂದೆ. ನಿಮ್ಮನ್ನು ಮನೆಗೆ ಸೇರಿಸಿದ್ದೇ ತಪ್ಪು ಅಂದೆ. ನೀನು ಪಕ್ಕದಲ್ಲೇ ಕಾಫಿ ಹಿಡಿದು ನಿಂತಿದ್ದೆ. "ಗೊತ್ತಾಗಲಿಲ್ಲ ಕಣಮ್ಮ, ಕಪ್ಪಾಗಿತ್ತಲ್ಲ" ಎಂದು ಅತ್ತರು. ಟಿಕೆಟ್ ಬದಲಾಯಿಸಿಕೊಂಡು ಬೆಂಗಳೂರಿಗೆ ಹೊರಟೇ ಹೋದರು. ಈಗ ದೇವರ ದೀಪವನ್ನೂ ತಾವು ಉಜ್ಜದೆ ಪಕ್ಕದ ಮನೆಯವರ ಕೈಲಿ ತೊಳೆಸುತ್ತಾರಂತೆ.

ಕಳೆದ ತಿಂಗಳು ನೀನೇ ನಗುತ್ತಾ ಹೇಳಿದೆ: "ಉಜ್ಜಿಡು, ವೈದೇಹಿಗೆ ಸರ್‌ಪ್ರೈಸ್ ಆಗತ್ತೆ ಅಂತ ಅಮ್ಮಂಗೆ ನಾನೇ ಹೇಳಿದ್ದು. ಅದು ಹಾಳಾದ್ರೆ ನೀನು ಮನೆಗೆ ಬರ್ತೀಯ ಅನ್ಕೊಂಡೆ." ಬಟ್ಟಲಿನ ಎಕ್ಸ್‌ರೇ ತೆಗೆದವನೇ ನೀನು. ಆ ಬೆಳ್ಳಿ ಎಷ್ಟು ತೆಳು ಎಂದು ಲೋಹತಜ್ಞನಾದ ನಿನಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅತ್ತೆ ಅಂದು ನಿನ್ನ ಹೆಸರೆತ್ತಲಿಲ್ಲ, ಪಾಪ. ಉಜ್ಜಿದರೆ ಹಾಳಾಗುತ್ತದೆಂದು ಮಗನಿಗೂ ತಿಳಿದಿರಲಿಲ್ಲವೆಂದೇ ಅಂದುಕೊಂಡಿದ್ದರು. ಅಮ್ಮನಿಗೆ ಮಾತ್ರ ಹೇಳಬೇಡ, ತಡೆದುಕೊಳ್ಳಲಾರಳು ಎಂದು ನೀನು ನನ್ನ ಕೈ ಹಿಡಿದು ಬೇಡಿದೆ.

ನನಗೆ ವಿಭಾಗದಲ್ಲಿ ಬೇರೆ ವಿಷಯ ಕೊಟ್ಟಿದ್ದಾರೆ. ನಾನು ಬರುವುದಿಲ್ಲ. ನೀನು ಇಲ್ಲಿ ಬಿಟ್ಟುಹೋದ ಚಳಿಗಾಲದ ಕೋಟನ್ನು ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಕೊಟ್ಟುಬಿಟ್ಟೆ, ಇನ್ನೊಂದು ಕೊಂಡುಕೋ.

ವೈದೇಹಿ

ಹೇಳುವುದು ಬಿಟ್ಟುಹೋಯಿತು: ಅಂಚೆಗೆ ಹಾಕುವ ಮೊದಲು ಈ ಕಾಗದವನ್ನು ಫೋನಿನಲ್ಲಿ ಅತ್ತೆಗೆ ಪೂರ್ತಿ ಓದಿ ಹೇಳಿದೆ. "ಅವನಿಗೆ ಗೊತ್ತಿತ್ತಾ?" ಎಂದಷ್ಟೇ ಕೇಳಿದರು. ಹೌದೆಂದೆ. ಇದು ನಿನ್ನ ಕೈಸೇರುವ ಹೊತ್ತಿಗೆ, ಅಮ್ಮ ಫೋನ್ ಎತ್ತುತ್ತಿಲ್ಲವೆಂದು ನೀನು ಅಕ್ಕಪಕ್ಕದವರಿಗೆಲ್ಲ ಫೋನ್ ಮಾಡಿರುತ್ತೀಯ. ಗಾಬರಿಯಾಗಬೇಡ. ಆರೋಗ್ಯವಾಗಿದ್ದಾರೆ. ನಿನ್ನ ಹೆಸರು ನೋಡಿಯೇ ಎತ್ತುತ್ತಿಲ್ಲ.