ಮೆಟ್ಟಿಲಿಲ್ಲದ ದಾರಿ

ಚಾಮರಾಜನಗರ, ಗುರುವಾರ

ಅವ್ವಾ, ನಿನ್ನ ಪಾದಕ್ಕೆ ಭಾನು ಮಾಡುವ ನಮಸ್ಕಾರ.

ಮದ್ದೂರಿಗೆ ಫೋನ್ ಹತ್ತುತ್ತಿಲ್ಲ, ಅದಕ್ಕೇ ಈ ಕಾರ್ಡು. ಕಾಲೇಜಿನಲ್ಲಿ ಸೀಟು ಸಿಕ್ಕಿತು, ಆದರೆ ನಮ್ಮ ಕ್ಲಾಸು ಮಹಡಿಯ ಮೇಲೆ. ಹಳೇ ಕಾಲದ ಕಲ್ಲುಕಟ್ಟಡ, ಒಂದೊಂದು ಮೆಟ್ಟಿಲೂ ಗೇಣಿಗಿಂತ ಎತ್ತರ. ಅಪ್ಪ ಅದನ್ನೂ ನೋಡಿ, ನನ್ನ ಊರುಗೋಲನ್ನೂ ನೋಡಿ, "ವಾಪಸ್ ಓಗನ ಬಾ ಕಣಮ್ಮಿ, ಇದು ನಮ್ಗಾಗಕಿಲ್ಲ" ಎಂದುಬಿಟ್ಟರು. ನನಗೆ ಅಳು ಬಂತು.

ಅಲ್ಲಿ ಗುಡಿಸುತ್ತಿದ್ದ ರಾಚಮ್ಮ ಎಂಬುವರು ಪೊರಕೆ ಕೆಳಗಿಟ್ಟು, "ಮೆಟ್ಲು ಯಾಕಮ್ಮಿ, ಇಂಗ್ ಬಾ" ಎಂದು ಹಿಂಬದಿಗೆ ಕರೆದುಕೊಂಡು ಹೋದರು. ಅವ್ವಾ, ಅಲ್ಲಿ ಗೋಡೆ ಸುತ್ತಿಕೊಂಡು ಮಹಡಿಯವರೆಗೂ ಏರುವ ಇಳಿಜಾರು ದಾರಿಯಿದೆ, ನೆಲವೆಲ್ಲ ಕಲ್ಲುಹಾಸು. ಎತ್ತಿನ ಗಾಡಿಯೇ ಹತ್ತಬಹುದು. "ಕಾಲೇಜು ಶುರು ಮಾಡ್ದಾಗ ಮೊದಲ್ನೇ ಪ್ರಿನ್ಸಿಪಾಲ್ರಿಗೆ ಒಂದು ಕಾಲು ಇರ್ನಿಲ್ವಂತೆ. ಅವ್ರು ಮೇಲ್ಗಡೆ ಓಗಿ ಪಾಠ ಮಾಡ್ಲಿ ಅಂತ ಕಟ್ಟೋರು ಇದ ಕಟ್ಟುದ್ರಂತೆ" ಎಂದರು ರಾಚಮ್ಮ.

ನಾನೊಬ್ಬಳೇ ಹತ್ತಿ ಮೇಲಿನ ಕಿಟಕಿಯಿಂದ ಕೈ ಬೀಸಿದೆ. ಅಪ್ಪ ತಾವೂ ಎರಡು ಸಲ ಹತ್ತಿ ಇಳಿದು ನೋಡಿ, ಆಮೇಲೆ ಅರ್ಜಿಗೆ ಸಹಿ ಹಾಕಿದರು. ಇಲ್ಲಿಂದ ಹಾಗೇ ತಾಳವಾಡಿಗೆ ಅರಿಶಿನದ ಹೊಲದ ಕೂಲಿಗೆ ಹೋದರು, ಬರಲು ಎಂಟು ದಿನವಾಗುತ್ತದೆ. ಹೋಗುವ ಮುಂಚೆ ಊರುಗೋಲಿನ ಅಡಿಗೆ ಹೊಸ ರಬ್ಬರ್ ಹಾಕಿಸಿಕೊಟ್ಟರು. ಕಾಲು ನೋವಿಲ್ಲ, ಗಾಬರಿಪಡಬೇಡ.

ಹಾಸ್ಟೆಲಿನ ನೆಲ ತಣ್ಣಗಿದೆ. ನಾನು ವಾಪಸ್ ಬಂದರೆ ಬೇಕಾಗುತ್ತದೆಂದು ನನ್ನ ಕಂಬಳಿಯನ್ನು ಮನೆಯಲ್ಲೇ ಇಟ್ಟುಕೊಂಡೆಯಲ್ಲ, ಅದನ್ನು ಮಾವನ ಕೈಲಿ ಕಳಿಸಿಬಿಡು.

ನಿನ್ನ ಮಗಳು,
ಭಾನು