ಅಂಗಳದ ಕ್ರೇನಿನಿಂದ ಕಂಡ ವಿಮಾನ

ನಲವತ್ತು ಅಡಿ ಮೇಲೆ ಕೂತು ದುಡಿದ ನನ್ನ ಅಪ್ಪನಿಗೆ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬೆಳಗ್ಗೆ ಶುರುವಾದ ಕೈನಡುಕ ಇನ್ನೂ ನಿಂತಿಲ್ಲ. ಯಾಕೆ ಎಂದು ಹೇಳುತ್ತೇನೆ, ಆದರೆ ಅದಕ್ಕಿಂತ ಮೊದಲು ಬೇರೊಂದು ವಿಷಯ ಹೇಳಿ ಮುಗಿಸಬೇಕು. ಹೋದ ವರ್ಷ ನಾನು ನಿನಗೆ ಒಂದು ಸುಳ್ಳು ಹೇಳಿದೆ. ದೊಡ್ಡ ಕಥೆಯೇನೂ ಕಟ್ಟಲಿಲ್ಲ, ಬರೀ ಒಂದು ‘ಹೂಂ’. ಅದನ್ನು ವಾಪಸ್ ತೆಗೆದುಕೊಳ್ಳಲು ನನಗೆ ಐದು ತಿಂಗಳು ಸಮಯವಿತ್ತು. ದಿನಾ ನಾಳೆ ಹೇಳಿದರಾಯಿತು ಎಂದುಕೊಂಡೆ. ಶ್ರಾವಣದಲ್ಲಿ ನೀನು ಡ್ಯೂಟಿಯ ಮಧ್ಯೆ ಎದೆ ಹಿಡಿದುಕೊಂಡು ಕ್ರೇನಿನ ಬುಡದಲ್ಲಿ ಕೂತವನು ಮತ್ತೆ ಏಳಲೇ ಇಲ್ಲ.

ನೆನಪಿದೆಯಾ, ಆ ಆಯುಧಪೂಜೆ? ನನಗೆ ಒಂಬತ್ತು ವರ್ಷ. ಕಾರ್ಖಾನೆಯೊಳಗೆ ಹೆಂಗಸರು ಮಕ್ಕಳನ್ನೆಲ್ಲ ಬಿಡುವ ದಿನ ಅದೊಂದೇ. ಕಬ್ಬಿಣದ ತುಂಡು ರಾಶಿ ಹಾಕುವ ಅಂಗಳದಲ್ಲಿ ನಿನ್ನ ಕ್ರೇನಿಗೆ ಚೆಂಡುಹೂವಿನ ಹಾರ ಹಾಕಿದ್ದರು, ಕೊಕ್ಕೆಗೆ ಕುಂಕುಮ ಇಟ್ಟಿದ್ದರು. ನೀನು ನನ್ನನ್ನು ಏಣಿ ಹತ್ತಿಸಿ, ನೀನು ಕೂತು ಕ್ರೇನ್ ಓಡಿಸುವ ಮೇಲಿನ ಗೂಡಿಗೆ ಕರೆದುಕೊಂಡು ಹೋದೆ. ಹತ್ತುವಾಗ ಆಕಾಶ ನೋಡುತ್ತಿದ್ದೆ, ಏನೂ ಆಗಲಿಲ್ಲ. ಇಳಿಯುವಾಗ ಕೆಳಗೆ ನೋಡಿದೆ ನೋಡು, ಕೈ ಕಾಲು ಮರಗಟ್ಟಿಹೋದವು. ಅಳಲೂ ಆಗಲಿಲ್ಲ. ಚಡ್ಡಿ ಒದ್ದೆಯಾಯಿತು. ನೀನು ನನಗಿಂತ ಕೆಳಗಿನ ಮೆಟ್ಟಿಲಿಗೆ ಇಳಿದು ನನ್ನ ಪಾದದ ಕೆಳಗೆ ನಿನ್ನ ಭುಜ ಕೊಟ್ಟೆ. ಹಾಗೇ ಒಂದೊಂದೇ ಮೆಟ್ಟಿಲು, ಭುಜದ ಮೇಲೆ ನಿಲ್ಲಿಸಿಕೊಂಡೇ ನೆಲ ಮುಟ್ಟಿಸಿದೆ. ಅಮ್ಮ ಕೇಳಿದ್ದಕ್ಕೆ ನೀನು “ಪಾನಕ ಚೆಲ್ಕೊಂಡ” ಎಂದೆ. ಅದಾದ ಮೇಲೆ ಒಮ್ಮೆಯೂ ಆ ಮಾತು ಎತ್ತಲಿಲ್ಲ.

ಹಾಗೆ ನನ್ನನ್ನು ಚೆನ್ನಾಗಿ ಬಲ್ಲ ನೀನೇ ಹೋದ ವರ್ಷ ವಿಮಾನ ಹಾರಿಸಲು ಕಲಿಸುವ ಶಿಬಿರದ ಅರ್ಜಿ ತಂದುಬಿಟ್ಟೆಯಲ್ಲ! ನಾನು ಶಿವಮೊಗ್ಗದ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿಕೊಂಡು, ವಿನೋಬನಗರದಲ್ಲೊಂದು ರೂಮು ಹಿಡಿದುಕೊಂಡು ತಣ್ಣಗಿದ್ದೆ. ಶನಿವಾರ ಭದ್ರಾವತಿಗೆ ಬಂದರೆ ನೀನು ಊಟದ ತಟ್ಟೆಯ ಪಕ್ಕ ಆ ಕಾಗದ ಇಟ್ಟೆ. “ಸಿದ್ದು, ನಾನು ನಲವತ್ತಡಿ ಮೇಲೆ ಕೂತು ಮೂವತ್ತು ವರ್ಷ ತಳ್ದೆ. ನೀನು ಸಾವಿರ ಅಡಿ ಹೋಗಿ ಬಾ ನೋಡಣ.” ಏಣಿಯ ವಿಷಯ ನಿನಗೆ ಮರೆತುಹೋಗಿತ್ತಾ? ಇಲ್ಲ, ನೆನಪಿದ್ದೇ ಹಾಗೆ ಮಾಡಿದೆಯಾ? ಕೇಳಬೇಕು ಅಂದುಕೊಂಡು... ಇರಲಿ. ಡಾಕ್ಟರ ಪರೀಕ್ಷೆಯಲ್ಲಾದರೂ ಫೇಲಾಗುತ್ತೇನೆ ಎಂದು ನಂಬಿದ್ದೆ. ಆ ಪುಣ್ಯಾತ್ಮರು ಕಣ್ಣು, ಕಿವಿ, ಎದೆ ಎಲ್ಲ ನೋಡಿ “ಫಸ್ಟ್ ಕ್ಲಾಸ್” ಎಂದುಬಿಟ್ಟರು.

ಮೊದಲ ಸಲ ವಿಮಾನ ನೋಡಿದಾಗ ನನಗೆ ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಇದನ್ನಾ ನಂಬುವುದು? ಊರಾಚೆ, ಶಿವಮೊಗ್ಗ ರಸ್ತೆಯ ಬದಿಯ ಬೋಳು ಮೈದಾನದಲ್ಲಿ ದನ ಓಡಿಸಿ ಅದನ್ನು ನಿಲ್ಲಿಸಿದ್ದರು. ಮೇಲೊಂದು ಕೆಳಗೊಂದು ರೆಕ್ಕೆ, ಅವಕ್ಕೆ ಹೊದಿಸಿದ್ದು ಬಣ್ಣ ಬಳಿದ ಬಟ್ಟೆ, ನಡುವೆ ಬಿಗಿದ ತಂತಿಗಳು. ಮುಂದೊಂದು ಹಿಂದೊಂದು ತೆರೆದ ಸೀಟು. ಮುಂದೆ ಕಲಿಸುವ ಮೇಷ್ಟ್ರು, ಹಿಂದೆ ಕಲಿಯುವವನು. ಮೇಷ್ಟ್ರ ಮಾತು ಒಂದು ರಬ್ಬರ್ ಕೊಳವೆಯಲ್ಲಿ ಹಾದು ನನ್ನ ಕಿವಿಗೆ ಬರಬೇಕು. ಅವರು ಯುದ್ಧಕಾಲದಲ್ಲಿ ಹಾರಿಸಿದವರು, ಕೊಡಗಿನವರು, ಮೀಸೆ ದಪ್ಪ, ಮಾತು ತೆಳು. ಮೊದಲ ದಿನ ಕಣ್ಣು ಮುಚ್ಚಿಕೊಂಡೇ ಮೇಲೆ ಹೋದೆ. ಕೊಳವೆಯಲ್ಲಿ ಕೇಳಿಸಿತು: “ಕಣ್ಣು ಬಿಡಿ ಮಾರಾಯ್ರೆ, ನಾಳೆ ನೀವೇ ಓಡಿಸ್ಬೇಕು.” ಅವರ ಬೆನ್ನು ನನ್ನ ಕಡೆ ಇತ್ತು, ಹೇಗೆ ಗೊತ್ತಾಯಿತೋ!

ನಿನ್ನ ಪಾಠ ನನಗೆ ಅಲ್ಲಿ ತೊಂದರೆ ಕೊಟ್ಟಿತು ಎಂದರೆ ನಗುತ್ತೀಯ. ಆಯುಧಪೂಜೆಯ ದಿನ ಗೂಡಿನಲ್ಲಿ ನನ್ನ ಕೈಗೆ ಲಿವರ್ ಕೊಟ್ಟು ನೀನು ಹೇಳಿದ್ದು: “ಕೊಕ್ಕೆ ಯಾವ ಕಡೆ ಓಲಾಡುತ್ತೋ ಆ ಕಡೆಗೇ ಕ್ರೇನ್ ಓಡಿಸ್ಬೇಕು ಕಣೋ. ಅದರ ನೆತ್ತಿ ಮೇಲೆ ಹೋಗಿ ನಿಂತ್ಬಿಡು. ಆಮೇಲೆ ಕೈ ಮುಟ್ಬೇಡ, ಸುಮ್ನಿರು, ಅದೇ ನಿಲ್ಲುತ್ತೆ.” ಅದಾದ ಮೇಲೂ ಎಷ್ಟು ಸಲ, ಅನ್ನ ಕಲಸುತ್ತ, ತಟ್ಟೆಯ ಮೇಲೆ ಕೈ ಓಲಾಡಿಸಿ ತೋರಿಸಿದ್ದೆ! ಅದು ನನ್ನ ಕೈಗೆ ಅಂಟಿಕೊಂಡಿತ್ತು. ಬಿಸಿಲಿನ ಗಾಳಿಗೆ ವಿಮಾನದ ಎಡ ರೆಕ್ಕೆ ಕುಸಿದರೆ, ಕಾಲುಗಳ ನಡುವೆ ಇರುವ, ವಿಮಾನ ನಡೆಸುವ ಕೋಲನ್ನು ಮೆಲ್ಲಗೆ ಬಲಕ್ಕೆ ಸರಿಸಬೇಕು. ನಾನು ಎಡಕ್ಕೇ ತಳ್ಳುತ್ತಿದ್ದೆ. ರೆಕ್ಕೆ ಇನ್ನಷ್ಟು ಕೆಳಗೆ ಹೋಗುತ್ತಿತ್ತು. ನಾಲ್ಕನೇ ಸಲಕ್ಕೆ ಮೇಷ್ಟ್ರು ಕೆಳಗಿಳಿಸಿ ಕೇಳಿದರು, “ಬೀಳೋ ಕಡೆಗೇ ತಳ್ತೀರಲ್ಲ, ಯಾರು ಕಲಿಸಿದ್ದು ಇದನ್ನ?” ನಿನ್ನ ಹೆಸರು ಹೇಳಿ ಕ್ರೇನಿನ ಕಥೆ ಹೇಳಿದೆ. ಅವರು ನಗಲಿಲ್ಲ. “ನಿಮ್ಮ ತಂದೆ ಹೇಳಿದ್ದು ಸರಿ. ಆದ್ರೆ ಅಲ್ಲಿ ಅವರು ಗಟ್ಟಿ ಕೂತಿರ್ತಾರೆ, ಓಲಾಡೋದು ಕೊಕ್ಕೆ. ಇಲ್ಲಿ ಕೊಕ್ಕೆ ನೀವೇ.” ಅದನ್ನು ಕೇಳಿದ ಮೇಲೆ ನನಗೆ ಎರಡು ದಿನ ಅನ್ನ ಸೇರಲಿಲ್ಲ.

ತಂತಿಗಳ ಪಾಠ ಇನ್ನೂ ಭಯಂಕರ. ಹಾರುವಾಗ ರೆಕ್ಕೆಯ ನಡುವಿನ ಆ ತಂತಿಗಳು ಗುಂಯ್ ಎನ್ನುತ್ತವೆ. ಮೂಗು ಮೇಲೆತ್ತುತ್ತ ಹೋದರೆ ವೇಗ ಇಳಿದು ಆ ದನಿ ಸಣ್ಣಗಾಗುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಹಾಗೆ ಸುಮ್ಮನಾದರೆ ವಿಮಾನ ಹಾರುವುದನ್ನು ಬಿಟ್ಟು ಬೀಳಲು ಶುರುಮಾಡಿತು ಎಂದು ಅರ್ಥ. ಮೂಗು ಕೆಳಗೆ ಇಳಿಸಬೇಕು, ಬೀಳುವವನೇ ಬೀಳುವ ಕಡೆಗೆ ಮುಖ ಮಾಡಬೇಕು, ಆಗ ವೇಗ ಬರುತ್ತದೆ. ಇದನ್ನು ಕರಿಹಲಗೆಯ ಮೇಲೆ ನಾನೇ ಮಕ್ಕಳಿಗೆ ವಿವರಿಸಬಲ್ಲೆ. ಆದರೆ ಮೂರು ಸಾವಿರ ಅಡಿಯಲ್ಲಿ ತಂತಿ ಸುಮ್ಮನಾದಾಗ ನನ್ನೊಳಗೆ ಇದ್ದವನು ವಿಜ್ಞಾನದ ಮೇಷ್ಟ್ರಲ್ಲ, ಏಣಿಯ ಮೇಲಿನ ಆ ಒದ್ದೆ ಚಡ್ಡಿಯವನು.

ಈಗ ಆ ದಿನಕ್ಕೆ ಬರುತ್ತೇನೆ. ಶಿಬಿರ ಮುಗಿಯಲು ಎರಡೇ ದಿನವಿತ್ತು. ಹಿಂದಿನ ಸಂಜೆ ಮೇಷ್ಟ್ರು, “ನಾಳೆ ನಾನು ಇಳ್ಕೊಳ್ತೀನಿ, ನೀವೊಬ್ರೇ ಒಂದು ಸುತ್ತು ಹೋಗಿ ಬನ್ನಿ” ಎಂದಿದ್ದರು. ಅದನ್ನು ನಾನು ಮನೆಯಲ್ಲಿ ಹೇಳಿಬಿಟ್ಟಿದ್ದೆ. ಬೆಳಗ್ಗೆ ವಿಮಾನದ ಹತ್ತಿರ ಹೋದೆ. ರೆಕ್ಕೆಯ ಮೇಲೆ ಕಾಲಿಟ್ಟೆ. ಕಾಲು ತೆಗೆದೆ. “ಸಾರ್, ಹೊಟ್ಟೆನೋವು.” ಅವರು ನನ್ನ ಬದಲು ಶಿಬಿರದಲ್ಲೇ ಕಲಿಯುತ್ತಿದ್ದ ಗಾಂಧಿ ಬಜಾರಿನ ಜವಳಿ ಅಂಗಡಿಯವರ ಮಗನನ್ನು ಕೂರಿಸಿಕೊಂಡು ಹೋದರು. ನಾನು ಬೇವಿನ ಮರದ ಕೆಳಗೆ ಕೂತಿದ್ದೆ. ವಿಮಾನ ಕಾರ್ಖಾನೆಯ ಅಂಗಳದ ಮೂಲೆಗೆ ಹೋಗಿ, ಎಡಕ್ಕೆ ವಾಲಿ ತಿರುಗಿತು. ದಿನಾ ತಿರುಗುತ್ತಿದ್ದ ಜಾಗ ಅದೇ. ದಿನಾ ನೀನು ಗೂಡಿನ ಕಿಟಕಿಯಿಂದ ನಿನ್ನ ಕೆಂಪು ಟವೆಲ್ ಬೀಸುತ್ತಿದ್ದ ಜಾಗ. ಆವತ್ತೂ ಬೀಸಿರುತ್ತೀಯ ಎಂದು ಗೊತ್ತಿತ್ತು. ಹೊಟ್ಟೆ ನಿಜಕ್ಕೂ ನೋಯತೊಡಗಿತು.

ಸಂಜೆ ನೀನು ಚಪ್ಪಲಿ ಬಿಡುವ ಮೊದಲೇ ಕೇಳಿದೆ. “ಇವತ್ತು ಒಬ್ನೇ ಹೋದ್ಯಾ?”

“ಹೂಂ.”

ನೀನು ಟವೆಲ್ಲಿನಿಂದ ಕತ್ತು ಒರೆಸಿಕೊಂಡೆ. “ಕೆಳಗೆ ಇಳಿದ್ಯಲ್ಲ, ಅಷ್ಟು ಸಾಕು” ಎಂದೆ. ಆಮೇಲೆ ಒಳಗೆ ಕೂಗಿ, “ಶಾವಿಗೆ ಪಾಯಸ ಮಾಡೇ, ಹುಡುಗ ದಣಿದಿದಾನೆ” ಎಂದೆ. ಆ ಪಾಯಸವನ್ನು ತಲೆ ಎತ್ತದೆ ತಿಂದೆ. ಮರುದಿನ ಮಳೆಯ ಮೋಡ ಎಂದು ಯಾರೂ ಹಾರಲಿಲ್ಲ, ಅದರ ಮರುದಿನ ವಿಮಾನ ಊರು ಬಿಟ್ಟಿತು. ನಾನು ಒಬ್ಬನೇ ಹಾರದೆಯೇ ಶಿವಮೊಗ್ಗಕ್ಕೆ ವಾಪಸಾದೆ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಶಿಬಿರ ಮತ್ತೆ ಬಂತು. ಈ ಸಲ ಅರ್ಜಿ ಬರೆದವನು ನಾನೇ. ಧೈರ್ಯ ಬಂದಿತ್ತು ಎಂದುಕೊಳ್ಳಬೇಡ. ನಿನ್ನ ಫೋಟೋದ ಕೆಳಗೆ ಕೂತು ಊಟ ಮಾಡಲು ಆಗುತ್ತಿರಲಿಲ್ಲ, ಅಷ್ಟೇ. ಮೇಷ್ಟ್ರು ನನ್ನನ್ನು ಕಂಡವರೇ “ಹೊಟ್ಟೆ ಹೇಗಿದೆ?” ಎಂದರು. ಮೂರು ವಾರ ಜೊತೆಗೇ ಹಾರಿದರು, ಕ್ರೇನಿನಿಂದ ಕೈಗಂಟಿದ್ದ ಅಭ್ಯಾಸವನ್ನು ಬಿಡಿಸಿದರು. ಇವತ್ತು ಬೆಳಗ್ಗೆ ಕಾರ್ಖಾನೆಯ ಚಿಮಣಿಯ ಹೊಗೆ ಪೂರ್ವಕ್ಕೆ ನೆಟ್ಟಗೆ ಹೋಗುತ್ತಿತ್ತು, ಗಾಳಿ ಒಂದೇ ಸಮ. ಒಂದು ಸುತ್ತು ಹೋಗಿ ಇಳಿದೆವು. ಅವರು ಇದ್ದಕ್ಕಿದ್ದಂತೆ ಕೆಳಗೆ ಹಾರಿ, ಖಾಲಿಯಾದ ಮುಂದಿನ ಸೀಟಿನ ಪಟ್ಟಿಗಳನ್ನು ಕೋಲಿಗೆ ಸಿಕ್ಕದಂತೆ ಬಿಗಿಯಾಗಿ ಕಟ್ಟಿದರು. “ಒಂದೇ ಸುತ್ತು. ಹೋಗಿ, ಇಳಿದು, ಬನ್ನಿ.”

ಅಪ್ಪ, ಆ ಖಾಲಿ ಸೀಟು! ಇಷ್ಟು ದಿನ ನನ್ನ ಕಣ್ಣೆದುರು ಒಂದು ತಲೆ ಇರುತ್ತಿತ್ತು, ಚರ್ಮದ ಟೋಪಿಯ, ಒಮ್ಮೆಯೂ ಗಾಬರಿಯಾಗದ ತಲೆ. ಈಗ ಅಲ್ಲಿ ಬರೀ ಆಕಾಶ. ಪೆಡಲಿನ ಮೇಲೆ ಕಾಲು ಎಷ್ಟು ನಡುಗುತ್ತಿತ್ತು ಎಂದರೆ ವಿಮಾನದ ಬಾಲವೂ ಅದರ ಜೊತೆ ಅಲ್ಲಾಡುತ್ತಿತ್ತು. ಒಬ್ಬರ ಭಾರ ಕಡಿಮೆಯಾದ್ದರಿಂದ ಅದು ನಾನು ಸಿದ್ಧವಾಗುವ ಮೊದಲೇ ನೆಲ ಬಿಟ್ಟಿತು. ಕಿವಿಯ ಕೊಳವೆಯಲ್ಲಿ ಯಾರ ದನಿಯೂ ಇಲ್ಲ. ಭಯಕ್ಕೆ ನಾನೇ ಜೋರಾಗಿ ಮಾತಾಡತೊಡಗಿದೆ, ಹೆಚ್ಚಿಗೆ ನಿನಗೇ, ಸ್ವಲ್ಪ ಬೈಗುಳವೂ ಇತ್ತು. ಅಂಗಳದ ಮೂಲೆ ಬಂತು. ಎಡಕ್ಕೆ ವಾಲಿದೆ. ಕೆಳಗೆ ನಿನ್ನ ಕ್ರೇನು. ಗೂಡಿನ ಕಿಟಕಿಯಲ್ಲಿ ಯಾರೂ ಇರಲಿಲ್ಲ. ಆದರೆ ಅದರ ಬುಡದಲ್ಲಿ ಏನೋ ಕೆಂಪಗೆ ಅಲ್ಲಾಡಿತು. ಕಣ್ಣು ಮಂಜಾಯಿತು, ಒರೆಸಿಕೊಳ್ಳಲು ಕೈ ಬಿಡುವ ಹಾಗಿಲ್ಲ.

ಇಳಿಯುವಾಗ ಚಕ್ರ ನೆಲಕ್ಕೆ ಬಡಿದು ವಿಮಾನ ಮೇಲಕ್ಕೆ ಪುಟಿಯಿತು. ಓಡುತ್ತಿರುವ ನೆಲವನ್ನು ಬೆನ್ನಟ್ಟಿ ಹಿಡಿಯಬೇಕು ಎಂದು ಕೈ ಕೋಲನ್ನು ಮುಂದಕ್ಕೆ ನೂಕಲು ಹೊರಟಿತ್ತು. ನೂಕಿದ್ದರೆ ಮೂಗು ನೆಲಕ್ಕೆ ಗುದ್ದಿ, ಈ ಕಾಗದ ಇರುತ್ತಿರಲಿಲ್ಲ. ಹೇಗೋ ಕೈ ತಡೆದು, ಎಂಜಿನ್ ಪೂರ್ತಿ ಕೊಟ್ಟು ಮತ್ತೆ ಮೇಲೆ ಹೋದೆ. ಅಂದರೆ ಇನ್ನೊಂದು ಇಡೀ ಸುತ್ತು! ಒಂದೇ ಸುತ್ತಿಗೆ ಎಂದು ಕೂಡಿಟ್ಟುಕೊಂಡಿದ್ದ ಧೈರ್ಯ ಆಗಲೇ ಮುಗಿದಿತ್ತು. ಎರಡನೇ ಸಲ ಮತ್ತೆ ಪುಟಿಯಿತು, ಸಣ್ಣದಾಗಿ. ಆಗ ನಿನ್ನ ಪಾಠದ ಕೊನೆಯ ತುಂಡು ನೆನಪಾಯಿತು. ಆಮೇಲೆ ಕೈ ಮುಟ್ಬೇಡ, ಸುಮ್ನಿರು. ಕೋಲು ಇದ್ದಲ್ಲೇ ಹಿಡಿದು ಸುಮ್ಮನಿದ್ದೆ. ಅದೇ ನಿಂತಿತು. ಎಂಜಿನ್ ಆರಿಸಿ ಇಳಿಯಲು ಹೋದರೆ ಕಾಲು ಬರಲಿಲ್ಲ. ಕೆಳಗೆ ನಿನ್ನ ಭುಜ ಇರಲಿಲ್ಲವಲ್ಲ. ಮೇಷ್ಟ್ರು ಬಂದು ಕೈ ಕೊಟ್ಟರು.

ಮಧ್ಯಾಹ್ನ ಸೈಕಲ್ ತುಳಿದು ಕಾರ್ಖಾನೆಯ ಗೇಟಿಗೆ ಹೋದೆ. ನಿನ್ನ ಜೊತೆ ಇಪ್ಪತ್ತು ವರ್ಷ ಕೆಳಗೆ ನಿಂತು ಕೊಕ್ಕೆಗೆ ಸರಪಳಿ ಹಾಕಿ, ನಿನಗೆ ಕೈಸನ್ನೆ ಮಾಡುತ್ತಿದ್ದ ಆರ್ಮುಗಂ ಶಿಫ್ಟ್ ಮುಗಿಸಿ ಬಂದರು. ಹೆಗಲ ಮೇಲೆ ನಿನ್ನ ಟವೆಲ್. ಅಮ್ಮ ಅವರಿಗೆ ಕೊಟ್ಟಿದ್ದಾಳೆ, ನನಗೆ ಗೊತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು ಒಂದು ಬೆರಳು ಎತ್ತಿದರು.

“ಒಂದು ತಲೆ, ತಂಬಿ! ಮೊದಲ್ನೇ ಸಾರಿ ಎರಡಿತ್ತು. ಆಮೇಲೆ ಎರಡು ಸಾರಿ ಬಂತು, ಎರಡು ಸಾರಿನೂ ಒಂದೇ ತಲೆ. ನಾನು ಎಣಿಸ್ದೆ.”

“ನೀವ್ಯಾಕೆ ಎಣಿಸಿದ್ರಿ?”

“ನಿಮ್ಮಪ್ಪ ದಿನಾ ಎಣಿಸ್ತಿದ್ರಲ್ಲ. ವಿಮಾನ ವಾಲಿದ್ರೆ ಮೇಲಿಂದ ಅವರಿಗೆ ಚೆನ್ನಾಗಿ ಕಾಣೋದು. ನೀನು ಒಬ್ನೇ ಹೋಗ್ತೀನಿ ಅಂದಿದ್ಯಲ್ಲ, ಆವತ್ತು ಕೆಳಗೆ ಬಂದು ಹೇಳಿದ್ರು, ‘ಎರಡು ತಲೆ ಇತ್ತು ಕಣೋ. ಒಂದು ಮೇಷ್ಟ್ರದು, ಒಂದು ನಮ್ಮ ಹುಡುಗಂದು. ಇರ್ಲಿ ಬಿಡು, ಮೇಷ್ಟ್ರು ಒಂದಿನ ಇಳೀತಾರೆ.’ ಮಾರನೇ ದಿನ ವಿಮಾನ ಹಾರ್ಲಿಲ್ಲ, ಆದ್ರೂ ಅದೇ ಮಾತು.”

ಅಂದರೆ ಎರಡು ತಲೆ ಎಣಿಸಿಕೊಂಡು ಬಂದೇ ನೀನು ಚಪ್ಪಲಿ ಬಿಡದೆ ಕೇಳಿದ್ದೆ. ಇಲ್ಲ ಎನ್ನಲು ನನಗೊಂದು ದಾರಿ ಮಾಡಿಕೊಟ್ಟಿದ್ದೆ. ನಾನು ಹೂಂ ಎಂದೆ, ನೀನು ಪಾಯಸ ಮಾಡಿಸಿದೆ. ಅಪ್ಪ, ಗೇಟಿನ ಮುಂದೆ ಸೈಕಲ್ ಹಿಡಿದುಕೊಂಡು ಅತ್ತೆ, ಶಿಫ್ಟಿನವರೆಲ್ಲ ನೋಡುತ್ತಿದ್ದರೂ.

ನಾಳೆ ಬೆಳಗ್ಗೆ ಮತ್ತೆ ನನ್ನ ಸರದಿ. ಹೆದರಿಕೆ ಈಗಲೇ ಶುರುವಾಗಿದೆ, ಆದರೂ ಹೊಟ್ಟೆನೋವು ಎನ್ನುವುದಿಲ್ಲ, ನಿನ್ನಾಣೆ. ಒಂದು ಮಾತು ಮಾತ್ರ ಆರ್ಮುಗಂಗೂ ಹೇಳಲಾಗಲಿಲ್ಲ, ನಿನಗೆ ಹೇಳುತ್ತೇನೆ. ನಿನ್ನ ಎಣಿಕೆ ಸರಿ, ಆವತ್ತು ಎರಡು ತಲೆ ಇದ್ದವು. ಎರಡರಲ್ಲಿ ಒಂದೂ ನನ್ನದಲ್ಲ. ನಾನು ಬೇವಿನ ಮರದ ಕೆಳಗಿದ್ದೆ.

ಇವತ್ತು ಇದ್ದದ್ದು ಒಂದೇ, ಅದು ನನ್ನದು.

ನಿನ್ನ ಮಗ,
ಸಿದ್ದು